ಹನ್ನೆರಡು ನಿಮಿಷದ ಬೆಳಕು

ಚಳಿ ಕಾಲು ಕಿತ್ತು ಬಿಸಿಲಿಗೆ ಹಲ್ಲು ಮೂಡುವ ದಿನಗಳು. ಬೆಳಗ್ಗೆ ಆರಕ್ಕೆ ಹೊದಿಕೆ ಬೇಕು, ಹನ್ನೊಂದಕ್ಕೆ ನೆರಳು ಬೇಕು. ಬುಡದವರೆಗೆ ಸವರಿದ್ದ ಹಿಪ್ಪುನೇರಳೆ ಗಿಡಗಳು ಮತ್ತೆ ಚಿಗುರಿ ಮೊಣಕಾಲೆತ್ತರ ಬಂದಿದ್ದವು. ಸೊಪ್ಪಿಗೂ ಒಂದು ವಯಸ್ಸುಂಟು. ಆ ವಯಸ್ಸಿನಲ್ಲಿ ಹುಳುವಿನ ಬಾಯಿಗೆ ಬಿದ್ದರೆ ರೇಷ್ಮೆ, ದಾಟಿದರೆ ದನದ ಮೇವು. ಹಾಗಾಗಿ ಈ ದಿನಗಳಲ್ಲಿ ಸುತ್ತಿನ ಎಂಟು ಮನೆಗಳ ಕಣ್ಣೂ ಒಂದೇ ಮನೆಯ ಮೇಲೆ ನೆಟ್ಟಿರುತ್ತಿತ್ತು. ಅದು ಚಾಕಿಯಕ್ಕನ ಮನೆ.

ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಮೊದಲ ಹತ್ತು ದಿನ ಕೂಸಿನ ಹಾಗೆ ಸಾಕಿ, ಗಟ್ಟಿ ಮಾಡಿ, ಆಮೇಲೆ ಬೆಳೆಗಾರರ ಮನೆಗೆ ಒಪ್ಪಿಸುವ ಕೆಲಸಕ್ಕೆ ಚಾಕಿ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿ ಆಕೆಗೆ ಅದೇ ಹೆಸರಾಗಿತ್ತು. ಗಂಡನೂ ಒಮ್ಮೊಮ್ಮೆ ಮೈಮರೆತು "ಚಾಕಿಯಕ್ಕಾ" ಎಂದು ಕರೆದು ಬೈಸಿಕೊಳ್ಳುತ್ತಿದ್ದ.

ಆ ಮಂಗಳವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಹುಳುಮನೆಯಲ್ಲಿದ್ದರು. ನಿನ್ನೆ ತೊಳೆದು ಬಿಸಿಲಿಗೆ ಹಾಕಿದ್ದ ಮರದ ತಟ್ಟೆಗಳನ್ನು ಅವನು ಒಳಗೆ ತಂದು ಅಟ್ಟಣೆಗೆ ಜೋಡಿಸುತ್ತಿದ್ದ. ಆಕೆ ಬಾಗಿಲ ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿ, ಗೋಡೆಯ ಥರ್ಮಾಮೀಟರ್ ನೋಡಿ, ನೀರು ಚಿಮುಕಿಸಿದ ಗೋಣಿಯನ್ನು ಕಿಟಕಿಗೆ ಇಳಿಬಿಟ್ಟಳು. ಕೋಣೆ ಬಾಣಂತಿಯ ಕೋಣೆಯ ಹಾಗೆ ಶುದ್ಧವಾಗಿ, ತಂಪಾಗಿ, ಬರುವವರಿಗಾಗಿ ಕಾಯುತ್ತಿತ್ತು.

"ಮೊಟ್ಟೆ ಕೇಂದ್ರ ಹತ್ತಕ್ಕೆ ಬಾಗಿಲು ತೆಗೆಯುತ್ತೆ. ತಂದು ಬರೋಷ್ಟರಲ್ಲಿ ಬಿಸಿಲೇರುತ್ತೆ," ಎಂದ ಗಂಡ.

"ಗಾಜಿಗೆ ಕಪ್ಪು ಹಾಕಿಸಿರೋದು ಯಾತಕ್ಕೆ ಮತ್ತೆ?" ಎಂದಳು ಆಕೆ.

ಕಾರು ಹಳೆಯದು. ಹಿಂದಿನ ಸೀಟು ಕಿತ್ತು ಹಲಗೆ ಹಾಸಿದ್ದರು. ಹೋದ ಬೇಸಿಗೆಯಲ್ಲಿ ಒಮ್ಮೆ ಗಾಜಿನಿಂದ ಬಿದ್ದ ಬಿಸಿಲಿಗೆ ಪೆಟ್ಟಿಗೆಯ ಒಂದು ಮಗ್ಗುಲು ಕಾದು, ಆ ಮಗ್ಗುಲಿನ ಮೊಟ್ಟೆಯೆಲ್ಲ ಸತ್ತಿತ್ತು. ಅವತ್ತೇ ಹೋಗಿ ನಾಲ್ಕೂ ಬಾಗಿಲ ಗಾಜಿಗೆ, ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿಕೊಂಡು ಬಂದಿದ್ದಳು. ಅಂಟಿಸಿದ ಅಂಗಡಿಯವನು ಕಾನೂನಿನ ಮಾತು ಎತ್ತಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ.

ಕೇಂದ್ರದಲ್ಲಿ ಕೊಟ್ಟದ್ದು ಮೊಣಕೈಯುದ್ದದ ಎರಡು ಪೆಟ್ಟಿಗೆ. ಒಳಗೆ ಕಪ್ಪು ಕಾಗದ, ಹೊರಗೆ ಎರಡು ಮಡಿಕೆ ಕಪ್ಪು ಬಟ್ಟೆ. ಮೊಟ್ಟೆ ಒಡೆಯುವ ಎರಡು ದಿನ ಮುಂಚೆ ಅದನ್ನು ಹೀಗೆ ಕತ್ತಲೆಗೆ ಹಾಕುತ್ತಾರೆ. ಕತ್ತಲೆಯಲ್ಲಿ ಮುಂದಿದ್ದವು ಕಾಯುತ್ತವೆ, ಹಿಂದಿದ್ದವು ಬಂದು ಸೇರಿಕೊಳ್ಳುತ್ತವೆ. ಮೂರನೇ ಬೆಳಗ್ಗೆ ಬಟ್ಟೆ ಸರಿಸಿ ಬೆಳಕು ಬಿಟ್ಟರೆ ಎರಡು ಗಂಟೆಯೊಳಗೆ ಅಷ್ಟೂ ಹುಳು ಒಟ್ಟಿಗೆ ಹೊರಗೆ. ಒಟ್ಟಿಗೆ ಹುಟ್ಟಿದ್ದು ಒಟ್ಟಿಗೆ ತಿನ್ನುತ್ತದೆ, ಒಟ್ಟಿಗೆ ಮೇವು ಬಿಟ್ಟು ಪೊರೆ ಕಳಚಲು ಮಲಗುತ್ತದೆ. ಆ ಮಲಗುವುದಕ್ಕೆ ಜ್ವರ ಎಂದೇ ಹೆಸರು. ಅರ್ಧ ಹುಳು ಜ್ವರದಲ್ಲಿ ಮಲಗಿ ಅರ್ಧ ಎಚ್ಚರವಾಗಿದ್ದರೆ ಬೆಳೆ ಕೆಟ್ಟಿತೆಂದೇ ಲೆಕ್ಕ. ಸೊಪ್ಪು ಹಾಕಿದರೆ ಮಲಗಿದ್ದವು ಅಡಿಯಲ್ಲಿ ಹೂತುಹೋಗುತ್ತವೆ, ಹಾಕದಿದ್ದರೆ ಎದ್ದಿದ್ದವು ಹಸಿದು ಸಾಯುತ್ತವೆ.

ನಾಳೆ ಬೆಳಗ್ಗೆ ಆರಕ್ಕೆ ಬೆಳಕು ಬಿಡಬೇಕು. ಅಲ್ಲಿಯ ತನಕ ಒಂದು ಸೂಜಿಮೊನೆಯಷ್ಟೂ ಬೆಳಕು ಸೋಕಬಾರದು. ಆಕೆ ಪೆಟ್ಟಿಗೆಗಳನ್ನು ಹಲಗೆಯ ಮೇಲಿಟ್ಟು, ಅಲುಗದ ಹಾಗೆ ಹಗ್ಗ ಬಿಗಿದು, ಗುಂಡಿಗಳನ್ನು ತಪ್ಪಿಸುತ್ತ ಹೊರಟಳು.

ಸೇತುವೆ ದಾಟಿದ ಕೂಡಲೇ ಕೈ ಅಡ್ಡ ಬಂತು.

ಇಬ್ಬರು ಪೇದೆಗಳು, ಅವರ ಮುಂದೆ ಒಬ್ಬ ಹೊಸ ಹುಡುಗ ಸಾಹೇಬ. ಅವನ ಬಟ್ಟೆಯ ಇಸ್ತ್ರಿ ಎಷ್ಟು ಖಡಕ್ಕಾಗಿತ್ತೆಂದರೆ ಕೂತರೆ ಮುರಿದೀತು. ಆಕೆ ಮನಸ್ಸಿನಲ್ಲೇ ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಳು.

"ಏನಮ್ಮ, ಗಾಜು ಇಷ್ಟು ಕಪ್ಪು?"

"ಬಿಸಿಲು ಸಾರ್. ಒಳಗೆ ಮೊಟ್ಟೆ ಇದೆ."

"ಬಿಸಿಲು ನಂಗೂ ಇದೆ. ನಾನು ಮುಖಕ್ಕೆ ಮಸಿ ಬಳ್ಕೊಂಡಿದೀನಾ?"

ಪೇದೆಗಳು ನಕ್ಕರು. ಇಸ್ತ್ರಿ ಎರಡು ತುಂಡಿನ ಚಿಕ್ಕ ಯಂತ್ರವೊಂದನ್ನು ಗಾಜಿನ ಆಚೆಗೊಂದು ಈಚೆಗೊಂದು ಹಿಡಿದು ನೋಡಿದ. "ಅರ್ಧಕ್ಕಿಂತ ಜಾಸ್ತಿ ಬೆಳಕು ಒಳಗೆ ಬರಬೇಕು. ಇಲ್ಲಿ ಕಾಲು ಭಾಗನೂ ಇಲ್ಲ. ಫೈನ್ ಆಗುತ್ತೆ. ಫಿಲ್ಮ್ ಇಲ್ಲೇ ಕಿತ್ತು ಹೋಗ್ಬೇಕು."

"ಕೀಳಿ ಸಾರ್. ತಪ್ಪು ನಂದು, ಕೇಳ್ದೆ ಹಾಕಿಸ್ದೆ. ಬೇಗ ಕಿತ್ತು ಕಳಿಸಿಬಿಡಿ," ಎಂದಳು. ಆಕೆಯ ಧ್ಯಾನವೆಲ್ಲ ಹಿಂದಿನ ಹಲಗೆಯ ಮೇಲಿತ್ತು.

ಪೇದೆಗಳು ಬ್ಲೇಡು ತಂದು ಮೂಲೆ ಎಬ್ಬಿಸಿ ಎಳೆದರು. ಫಿಲ್ಮು ಸುಲಿದ ಚರ್ಮದ ಹಾಗೆ ಚರ್ರನೆ ಬಂತು. ಗಾಜಿನ ಮೇಲೆ ಅಂಟು ಗೆರೆಗೆರೆಯಾಗಿ ಉಳಿಯಿತು. ಬಿಸಿಲು ಕಾರಿನೊಳಗೆ ಹಾರಿಬಂದು ಕೂತಿತು.

ಆಗ ಇಸ್ತ್ರಿ ಹಿಂದಿನ ಬಾಗಿಲಿಗೆ ತಲೆ ಹಾಕಿದ. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದ. "ಬೆಳಕು ತಾಗಿಸಬಾರದು, ತೆರೆಯಬಾರದು." ತಿರುಗಿ ಆಕೆಯನ್ನು ನೋಡಿದ. "ಗಾಜೂ ಕಪ್ಪು, ಬಟ್ಟೆಯೂ ಕಪ್ಪು. ತೆರೀಬಾರದು ಅಂತ ಬೋರ್ಡು ಬೇರೆ. ಏನಿದೆ ಇದ್ರಲ್ಲಿ?"

"ರೇಷ್ಮೆ ಮೊಟ್ಟೆ ಅಂದ್ನಲ್ಲ ಸಾರ್. ರಸೀದಿ ನೋಡಿ, ಸೀಲಿದೆ."

"ರಸೀದಿ ಯಾರು ಬೇಕಾದ್ರೂ ಮಾಡಿಸ್ತಾರೆ. ತೆಗೀರಿ."

"ಸಾರ್, ತೆಗೆದ್ರೆ ಹಾಳಾಗುತ್ತೆ. ಕೇಂದ್ರಕ್ಕೆ ಫೋನ್ ಹಚ್ಚಿಕೊಡ್ತೀನಿ, ನೀವೇ ಮಾತಾಡಿ. ಇಲ್ಲಾಂದ್ರೆ ಬನ್ನಿ, ಯಾವುದಾದ್ರೂ ಕತ್ತಲೆ ಕೋಣೆಗೆ ಹೋಗೋಣ, ಅಲ್ಲಿ ಕೈಯಾಡಿಸಿ ನೋಡ್ಕೊಳ್ಳಿ. ಬಿಸಿಲಲ್ಲಿ ಬೇಡ ಸಾರ್, ಕಾಲಿಗೆ ಬೀಳ್ತೀನಿ."

ಆ ಕೊನೆಯ ಮಾತನ್ನು ನೆನೆದಾಗಲೆಲ್ಲ ಆಮೇಲೆ ಆಕೆಯ ಕಿವಿ ಕಾಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಯಾರ ಕಾಲಿಗೂ ಬೀಳದವಳು.

"ಕತ್ತಲೆ ಕೋಣೆಗಾ? ಚೆನ್ನಾಗಿದೆ ಪ್ಲಾನು," ಎಂದ ಇಸ್ತ್ರಿ. ಪೇದೆಗಳು ಮತ್ತೆ ನಕ್ಕರು. ಅವನೇ ಹಗ್ಗ ಬಿಚ್ಚಿದ. ಎರಡೂ ಪೆಟ್ಟಿಗೆಗಳನ್ನು ಕಾರಿನ ಮೂತಿಯ ಮೇಲಿಟ್ಟು ಬಟ್ಟೆ ಸರಿಸಿದ, ಕಾಗದ ತೆರೆದ. ಹಾಳೆಹಾಳೆಯಾಗಿ ಅಂಟಿದ್ದ, ಗಸಗಸೆಯಂಥ, ನೀಲಿಗೆ ತಿರುಗಿದ ಮೊಟ್ಟೆಗಳು ಹನ್ನೊಂದೂ ಇಪ್ಪತ್ತರ ಬಿಸಿಲಿಗೆ ಕಣ್ಣುಬಿಟ್ಟವು.

ನೋಡಿದ ಮೇಲೆ ಮುಚ್ಚಬೇಕಲ್ಲ? ಮುಚ್ಚಲಿಲ್ಲ. ಆಕೆ ಬಟ್ಟೆಗೆ ಕೈ ಹಾಕಿದಾಗ "ಮುಟ್ಬೇಡಿ, ಬರೀತಾ ಇದೀನಿ" ಎಂದು ಗದರಿ, ದಂಡದ ಚೀಟಿ ಬರೆಯಲು ನಿಂತ. ಪೆನ್ನು ನಿಂತಿತು, ಒದರಿದ. ಗಾಡಿಯ ನಂಬರು ತಪ್ಪಿತು, ಹೊಡೆದುಹಾಕಿದ. ಯಾರದೋ ಫೋನು ಬಂತು, ಹೂಂ ಹೂಂ ಎಂದ. ಆಕೆ ಕಾರಿನ ಗಡಿಯಾರವನ್ನೇ ನೋಡುತ್ತ ಸೆರಗಿನಿಂದ ನೆರಳು ಮಾಡಲು ಹೆಣಗಿದಳು. ಹನ್ನೊಂದೂ ಮೂವತ್ತೆರಡಕ್ಕೆ ಚೀಟಿ ಹರಿದು ಕೊಟ್ಟ.

"ಹದಿನೈದು ದಿನದೊಳಗೆ ಸ್ಟೇಷನ್ನಿಗೆ ಬಂದು ಕಟ್ಟಿ. ನಾನಾಗಿದ್ದಕ್ಕೆ ಗಾಡಿ ಬಿಟ್ಟೆ."

ಮನೆ ಮುಟ್ಟುವ ಹೊತ್ತಿಗೆ ಪೆಟ್ಟಿಗೆಯೊಳಗೆ ಹುಟ್ಟು ಶುರುವಾಗಿತ್ತು. ಬಟ್ಟೆಯ ಅಂಚಿನಲ್ಲಿ ಕಪ್ಪು ಕೂದಲ ತುಂಡಿನಂಥ ಹುಳುಗಳು ಮೇವು ಹುಡುಕಿ ತಲೆ ಎತ್ತಿ ಆಡಿಸುತ್ತಿದ್ದವು. ಗಂಡ ಬಗ್ಗಿ ನೋಡಿ ತಲೆ ಮೇಲೆ ಕೈ ಹೊತ್ತ. ಬುಧವಾರ ಬೆಳಗ್ಗೆ ಇನ್ನೊಂದು ಪಾಲು ಒಡೆಯಿತು. ಉಳಿದವು ಅಂದೂ ಒಡೆಯಲಿಲ್ಲ, ನಾಳೆಯ ಲಕ್ಷಣ ತೋರುತ್ತ ಹಾಳೆಯ ಮೇಲೇ ಕೂತಿದ್ದವು. ನಿನ್ನೆ ಹುಟ್ಟಿದ್ದು ಬೂದಿ ಬಣ್ಣಕ್ಕೆ ತಿರುಗಿ ಸೊಪ್ಪು ಕಚ್ಚುತ್ತಿದ್ದರೆ ಇವತ್ತಿನದಕ್ಕೆ ಇನ್ನೂ ಕಡಿಯಲು ಬಾಯಿಲ್ಲ.

ಸುದ್ದಿ ಕಾಲಿಲ್ಲದಿದ್ದರೂ ನಡೆಯುತ್ತದೆ. ಎಂಟು ಗಂಟೆಗೆ ಮೂಲೆಮನೆಯ ಅಜ್ಜಿ ಬಂದಳು. ಎಂಟು ಬೆಳೆಗಾರರಲ್ಲಿ ಎಲ್ಲರಿಗಿಂತ ಹಳಬಳು, ಬಾಯಿ ಎಲ್ಲರಿಗಿಂತ ಹೊಸದು. ಸುಣ್ಣ ತುಳಿದು ಒಳಬಂದು ತಟ್ಟೆ ನೋಡಿದಳು.

"ಏನೇ ಇದು, ಎಳೇಕೂಸು, ಅಂಬೆಗಾಲಿನದು, ಬಸಿರಲ್ಲಿರೋದು ಎಲ್ಲಾನೂ ಒಂದೇ ತೊಟ್ಟಿಲಿಗೆ ಹಾಕಿದೀಯ?"

"ನಾನು ಹಾಕಿದ್ದಲ್ಲ ಅಜ್ಜಿ. ಒಬ್ಬ ಮಹರಾಯ ಹಾಕ್ಸಿದ."

"ಯಾರೇ ಹಾಕ್ಲಿ, ನನ್ನ ಸೊಪ್ಪು ಕಾಯಲ್ಲ. ಹನ್ನೊಂದನೇ ದಿನಕ್ಕೆ ನನಗೆ ಹುಳು ಬೇಕು. ಇಲ್ಲಾಂದ್ರೆ ಹೇಳಿಬಿಡು, ಬೇರೆ ಕಡೆ ನೋಡ್ಕೋತೀನಿ." ಅಜ್ಜಿ ಹೊರಟವಳು ಬಾಗಿಲಲ್ಲಿ ನಿಂತು, "ಹೇಳ್ಕೊಂಡು ಅಳೋದಿದ್ರೆ ಸಂಜೆ ಬಾ. ಹುಳು ಕೊಡೋದಿದ್ರೆ ಮಾತ್ರ ಹಗಲು ಬಾ," ಎಂದಳು. ಅವಳ ಸಮಾಧಾನದ ಮಾತೂ ಬೈಗುಳದ ಬಟ್ಟೆಯನ್ನೇ ಉಟ್ಟಿರುತ್ತಿತ್ತು.

ಅಜ್ಜಿ ಹೋದ ಮೇಲೆ ಗಂಡ ಮೆಲ್ಲಗೆ ಬಾಯಿಬಿಟ್ಟ. "ಬೆರೆಸಿ ಕೊಟ್ಟುಬಿಡೋಣ. ಅಜ್ಜಿ ಬಾಯಿ ಹೇಗಾದ್ರೂ ಮುಚ್ಚಿಸೋಣ. ಮೂರನೇ ಜ್ವರದ ತನಕ ಉಳಿದೋರಿಗೆ ಅಷ್ಟಾಗಿ ಗೊತ್ತಾಗಲ್ಲ."

"ಆಮೇಲೆ?"

"ಆಮೇಲೆ... ಸೊಪ್ಪಲ್ಲಿ ಏನೋ ಹೆಚ್ಚುಕಮ್ಮಿ ಆಗಿರ್ಬೇಕು ಅಂದ್ರಾಯ್ತು."

"ಅವರ ಸೊಪ್ಪಿನ ಮೇಲೆ ಗೂಬೆ ಕೂರಿಸ್ತೀರಾ? ಅವನು ರಸ್ತೇಲಿ ಮಾಡಿದ್ದನ್ನ ನೀವು ಮನೇಲಿ ಕೂತು ಎಂಟು ಮನೆಗೆ ಮಾಡ್ತೀರಾ?"

ಆಕೆಯ ದನಿ ಎತ್ತರವಾಗಿರಲಿಲ್ಲ. ಎತ್ತರವಾಗಿದ್ದರೆ ಗಂಡ ಇನ್ನೊಂದು ಮಾತಾಡುತ್ತಿದ್ದನೋ ಏನೋ. ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದ.

ಆಕೆ ಕೇಂದ್ರದ ಮೇಡಂಗೆ ಫೋನು ಹಚ್ಚಿದಳು. ಮೇಡಂ ಒಳ್ಳೆಯವಳು, ಆದರೆ ಕೂತಿದ್ದು ಕುರ್ಚಿಯ ಮೇಲೆ.

"ಅಕ್ಕ, ನಿಮ್ಮ ಮಾತು ನಾನು ನಂಬ್ತೀನಿ. ನನ್ನ ಫೈಲು ನಂಬಲ್ವಲ್ಲ. ಕಳಿಸಿದ್ದು ಸರಿಯಾಗಿದೆ, ಸಾಗಣೇಲಿ ಕೆಟ್ಟಿದೆ. ಸಾಗಣೆ ನಿಮ್ಮ ಜವಾಬ್ದಾರಿ. ತೆರೆದದ್ದು ನೀವಲ್ಲ ಅಂತ ತೆರೆದವರ ಕೈಯಲ್ಲೇ ಬರೆದಿದ್ರೆ ಮಾತ್ರ ಬದಲಿ ಕೊಡೋಕೆ ನಂಗೆ ಅಧಿಕಾರ."

"ಬದಲಿ ಇದ್ಯಾ?"

"ಒಂದು ಲಾಟ್ ಇದೆ. ಶನಿವಾರ ಕತ್ತಲೆಗೆ ಹೋಗುತ್ತೆ. ನಾಳೆ ಸಂಜೆ ಐದೂವರೆಯೊಳಗೆ ಕಾಗದ ತಂದ್ರೆ ನಿಮಗೆ. ಇಲ್ಲಾಂದ್ರೆ ಬೇರೆಯವರ ಹೆಸರಿಗೆ. ಆಮೇಲೆ ಒಂದು ತಿಂಗಳು ಏನೂ ಇಲ್ಲ."

ಐದು ದಿನ ತಡವಾದರೆ ಸೊಪ್ಪು ಹೇಗೋ ತಡೆದೀತು. ಒಂದು ತಿಂಗಳೆಂದರೆ ಎಂಟು ಮನೆಯ ಸೊಪ್ಪೂ ಮುದಿಯಾಗಿ ದನದ ಪಾಲು. ಆಕೆ ಫೋನಿಟ್ಟಳು. ಹಿತ್ತಲಲ್ಲಿ ಗಂಡ ತೋಡಿದ ಗುಂಡಿ ಸೊಂಟದಾಳ ಇತ್ತು. ಇಬ್ಬರೂ ಒಂದೊಂದೇ ತಟ್ಟೆ ಹೊತ್ತು ತಂದು ಸುರಿದು, ಮೇಲೆ ಸುಣ್ಣ ಹಾಕಿ, ಮಣ್ಣೆಳೆದರು. ಸಾಕಲೆಂದು ಹುಟ್ಟಿದ ಕೈ ಅದು. ಮಣ್ಣೆಳೆಯುವಾಗ ಬೆರಳುಗಳು ಬೇರೆ ಯಾರದೋ ಎಂಬಂತೆ ಮರಗಟ್ಟಿದ್ದವು. ಅಳು ಬರಲಿಲ್ಲ. ಬರಬೇಕಾದ ಜಾಗದಲ್ಲೆಲ್ಲ ಸಿಟ್ಟು ಬಂದು ಕೂತುಬಿಟ್ಟಿತ್ತು.

ಒಂದು ತಟ್ಟೆಯನ್ನು ಮಾತ್ರ ಹೂಳಲಿಲ್ಲ.

ಗುರುವಾರ ಬೆಳಗ್ಗೆ ಹತ್ತಕ್ಕೆ ಆ ತಟ್ಟೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಳೆ ಸೊಪ್ಪು, ಸೊಪ್ಪು ಹೆಚ್ಚುವ ಚಾಕು, ಪುಟ್ಟ ಹಲಗೆ ಇಷ್ಟನ್ನು ಹೊತ್ತು ಆಕೆ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದಳು. ಕಪ್ಪಿಲ್ಲದ ಗಾಜಿನಿಂದ ಬಿದ್ದ ಬಿಸಿಲು ದಾರಿಯುದ್ದಕ್ಕೂ ಬಲಗೈಯನ್ನು ಸುಟ್ಟಿತ್ತು.

"ಚಾಕು ಯಾಕಮ್ಮ?" ಎಂದ ಬಾಗಿಲಲ್ಲಿದ್ದ ಪೇದೆ, ಮೊನ್ನೆ ಬ್ಲೇಡು ಹಿಡಿದವರಲ್ಲೊಬ್ಬ.

"ಮಕ್ಕಳಿಗೆ ಊಟ ಹೆಚ್ಚೋಕೆ," ಎಂದು ತಟ್ಟೆ ತೋರಿಸಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಒಳಗೆ ಎರಡು ಮೇಜು. ಒಂದರ ಹಿಂದೆ ಇಸ್ತ್ರಿ. ಇನ್ನೊಂದರ ಹಿಂದೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದ ನರೆಗೂದಲಿನವನು. ಸ್ಟೇಷನ್ನಿನ ಬರವಣಿಗೆಯೆಲ್ಲ ಅವನದು, ಎಲ್ಲರೂ ಅವನನ್ನು ರೈಟರ್ ಎನ್ನುತ್ತಿದ್ದರು.

ಆಕೆ ಚೀಟಿಯನ್ನು ಇಸ್ತ್ರಿಯ ಮುಂದಿಟ್ಟಳು. "ಫೈನ್ ಕಟ್ಟೋಕೆ ಬಂದಿದೀನಿ ಸಾರ್. ಕಟ್ಟೋಕೆ ಮುಂಚೆ ಈ ಚೀಟೀಲಿ ಒಂದು ಸಾಲು ಬರೀಬೇಕು. ಪೆಟ್ಟಿಗೆ ನೀವು ತೆರೆದ್ರಿ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಅಂತ. ಅಷ್ಟೇ." ಯಾಕೆ ಬೇಕೆಂಬುದನ್ನೂ ಹೇಳಿದಳು. ತಟ್ಟೆ ತೋರಿಸಿದಳು. ಸಂಜೆ ಐದೂವರೆಯ ಮಾತನ್ನೂ ಬಿಡಲಿಲ್ಲ.

ಇಸ್ತ್ರಿ ತಟ್ಟೆ ನೋಡಿದ. ಮುಖ ಸ್ವಲ್ಪ ಬಿಳಿಚಿತು. ಎದ್ದು ಬಾಗಿಲು ಓರೆ ಮಾಡಿ ಬಂದು, ದನಿ ಇಳಿಸಿದ.

"ನೋಡಿ ಅಕ್ಕ, ನೀವು ನಮ್ಮಕ್ಕನ ಥರ. ಫೈನೇ ಬೇಡ. ಈ ಚೀಟಿ ನಾನು ರದ್ದು ಮಾಡ್ತೀನಿ. ನೀವು ಬಂದಿಲ್ಲ, ನಾನು ನೋಡಿಲ್ಲ. ಆರಾಮಾಗಿ ಮನೆಗೆ ಹೋಗಿ."

ಮೊನ್ನೆ ಅಮ್ಮ, ಇವತ್ತು ಅಕ್ಕ. ಒಂದು ಗಳಿಗೆ ಆಕೆಯ ಮನಸ್ಸೂ ಜಾರಿತು, ಇಲ್ಲವೆನ್ನುವಂತಿಲ್ಲ. ದಂಡ ಸಣ್ಣದೇನಲ್ಲ. ಅವನ ಬೆರಳು ಆಗಲೇ ಚೀಟಿಯ ತುದಿ ಮುಟ್ಟಿತ್ತು. ಅದನ್ನು ಕಂಡದ್ದೇ ತಡ, ಕೋಪ ನೆತ್ತಿಗೇರಿ, ಅಂಗೈಯನ್ನು ಚೀಟಿಯ ಮೇಲೆ ಬಡಿದಿಟ್ಟಳು. ಮೇಜಿನ ಮೇಲಿದ್ದ ಟೀ ಲೋಟ ಕುಣಿಯಿತು.

"ಮುಟ್ಬೇಡಿ! ಈ ಚೀಟಿ ಹರಿದ್ರೆ ಆವತ್ತು ನಾನು ಆ ರಸ್ತೇಲಿ ಬಂದೇ ಇಲ್ಲ. ನೀವು ತಡೆದೇ ಇಲ್ಲ. ಪೆಟ್ಟಿಗೆ ತಾನಾಗೇ ಬಾಯಿ ತೆರೀತಾ? ನನ್ನ ಫೈನು ನಂಗೆ ಬೇಕು ಸಾರ್!"

ಹೊರಗಿನ ಬೆಂಚಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಫೈನ್ ಬೇಕೆಂದು ಜಗಳಕ್ಕೆ ನಿಂತ ಮನುಷ್ಯರನ್ನು ಆ ಸ್ಟೇಷನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅಕ್ಕ, ಬರೆಯೋಕಾಗಲ್ಲ," ಎಂದ ಇಸ್ತ್ರಿ. "ಆವತ್ತು ನಮಗೆ ಆರ್ಡರ್ ಇದ್ದಿದ್ದು ಗಾಜು ನೋಡೋಕೆ. ಸರಕು ನೋಡೋಕಲ್ಲ. ಯಾಕೆ ತೆರೆದೆ ಅಂತ ಮೇಲಿನವರು ಕೇಳ್ತಾರೆ. ನಾನು ಕೆಲಸಕ್ಕೆ ಸೇರಿ ಐದು ತಿಂಗಳು. ಇನ್ನೂ ಪರ್ಮನೆಂಟ್ ಆಗಿಲ್ಲ."

"ನನ್ನ ಹುಳಾನೂ ಪರ್ಮನೆಂಟ್ ಆಗಿರ್ಲಿಲ್ಲಪ್ಪ. ಒಂದು ದಿನ ಉಳಿದಿತ್ತು."

ಸಾರ್ ಹೋಗಿ ಅಪ್ಪ ಬಂದದ್ದನ್ನು ಇಬ್ಬರೂ ಗಮನಿಸಿದರು. ಪಕ್ಕದ ಮೇಜಿನಲ್ಲಿ ಗೆರೆ ಎಳೆಯುವ ಸದ್ದು ನಿಂತಿತು.

"ಆಗಲ್ಲ ಅಂದ್ರೆ ಆಗಲ್ಲ," ಎಂದು ಇಸ್ತ್ರಿ ಫೈಲು ತೆರೆದು ಅದರಲ್ಲಿ ಮುಖ ಹುದುಗಿಸಿದ.

ಆಕೆ ಚೀಟಿ ಮಡಚಿಕೊಂಡು ಹೋಗಿ, ಅವನ ಎದುರಿಗೇ ಇದ್ದ ಗೋಡೆಬದಿಯ ಬೆಂಚಿನಲ್ಲಿ ಕೂತಳು. ತಟ್ಟೆ ಪಕ್ಕಕ್ಕಿಟ್ಟಳು. ಹನ್ನೊಂದಕ್ಕೆ ಮೇವಿನ ಹೊತ್ತಾಯಿತು. ಒದ್ದೆ ಬಟ್ಟೆ ಬಿಚ್ಚಿ, ನಾಲ್ಕು ಎಲೆ ತೆಗೆದು, ತೊಡೆಯ ಮೇಲೆ ಹಲಗೆ ಇಟ್ಟು, ಕೂದಲಿನಷ್ಟು ಸಣ್ಣಗೆ ಹೆಚ್ಚಿ ಹುಳುವಿನ ಮೇಲೆ ಉದುರಿಸಿದಳು. ಕಟಕಟ ಚಾಕುವಿನ ಸದ್ದು ಸ್ಟೇಷನ್ನನ್ನೆಲ್ಲ ತುಂಬಿತು.

ಫೋನು ಕಳೆದುಕೊಂಡವನೊಬ್ಬ ಬಂದು ಪಕ್ಕದಲ್ಲಿ ಕೂತ. "ಏನಕ್ಕ ಇದು?"

ಹೇಳಿದಳು. ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. ಹನ್ನೊಂದೂ ಇಪ್ಪತ್ತರಿಂದ ಹನ್ನೊಂದೂ ಮೂವತ್ತೆರಡು. "ತೆರೀಬಾರದು ಅಂತ ಬರೆದಿತ್ತು. ಗಟ್ಟಿಯಾಗಿ ಓದಿ ತೆರೆದ್ರು. ಅಗೋ, ಅವರೇ."

ಫೋನಿನವನು ಇಸ್ತ್ರಿಯನ್ನು ನೋಡಿದ. ಇಸ್ತ್ರಿ ಫೈಲನ್ನು ನೋಡಿದ.

ಬೇಲಿ ಜಗಳದ ಅಣ್ಣತಮ್ಮಂದಿರು ಬಂದರು, ಅವರಿಗೂ ಹೇಳಿದಳು. ಹೇಳುತ್ತಿದ್ದಂತೆ ಇಬ್ಬರೂ ತಮ್ಮ ಜಗಳ ಮರೆತು ಒಂದಾಗಿ ಲೊಚಗುಟ್ಟಿದರು. ಮಗನನ್ನು ಹಿಡಿದು ತಂದಿದ್ದಾರೆಂದು ಅಳುತ್ತ ಬಂದ ತಾಯಿಯೊಬ್ಬಳು ಕೇಳಿ, ಕಣ್ಣೊರೆಸಿಕೊಂಡು, "ಪಾಪದ್ದು, ಎಳೇವು" ಎಂದು ತಟ್ಟೆಯ ಮೇಲೆ ಸೆರಗಿನಿಂದ ಗಾಳಿ ಬೀಸಿದಳು. ಟೀ ತಂದವನಿಗೆ ಹೇಳಿದಳು. ಲೋಟ ಒಯ್ಯಲು ಬಂದಾಗ ಅವನು ಜೊತೆಗೆ ಇಬ್ಬರನ್ನು ಕರೆತಂದ, ಅವರಿಗೂ ಹೇಳಿದಳು. ಪ್ರತಿ ಸಲವೂ ಅದೇ ಮಾತು, ಅದೇ ನಿಮಿಷ, ಕೊನೆಗೆ ಅದೇ ಬೆರಳು. ಕಾಲಿಗೆ ಬೀಳ್ತೀನಿ ಎಂದದ್ದನ್ನು ಮೊದಲ ನಾಲ್ಕು ಸಲ ಬಿಟ್ಟು ಹೇಳಿದ್ದಳು. ಐದನೆಯ ಸಲದಿಂದ ಅದನ್ನೂ ಸೇರಿಸಿದಳು. ಆದದ್ದು ಆದ ಹಾಗೆ ಇರಲಿ ಎಂದುಕೊಂಡಳು.

ಮೂರು ಗಂಟೆಗೆ ಮತ್ತೆ ಸೊಪ್ಪು ಹೆಚ್ಚಿದಳು. ತಾನು ಮಾತ್ರ ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

"ಎಬ್ಬಿಸ್ರಿ ಇವರನ್ನ!" ಎಂದು ಇಸ್ತ್ರಿ ಕೊನೆಗೂ ಸಿಡಿದ. ಬೆಳಗಿನ ಖಡಕ್ಕು ಈಗ ಬಟ್ಟೆಯಲ್ಲಿರಲಿಲ್ಲ, ಕಂಕುಳಲ್ಲಿ ಬೆವರಿನ ಮಡಿಕೆ ಬಿದ್ದಿತ್ತು. "ಇದು ಸ್ಟೇಷನ್ನು, ಹುಳ ಸಾಕೋ ಮನೆ ಅಲ್ಲ."

ಪೇದೆ ಅಲುಗಲಿಲ್ಲ. ಅವನಿಗೆ ಹುಳುವೆಂದರೆ ಹೇಸಿಗೆ. ಅಥವಾ ಆ ದಿನ ಸೇತುವೆಯ ಬಳಿ ನಕ್ಕದ್ದು ನೆನಪಾಯಿತೋ.

"ಫೈನ್ ಕಟ್ಟೋಕೆ ಬಂದೋರನ್ನ ಯಾವ ಸೆಕ್ಷನ್ನಲ್ಲಿ ಎಬ್ಬಿಸೋದು ಸಾರ್?" ಎಂದ ರೈಟರ್, ಪುಸ್ತಕದಿಂದ ತಲೆ ಎತ್ತದೆ. ಆಮೇಲೆ ಆಕೆಯತ್ತ ಕೈ ಚಾಚಿದ. "ಕೊಡಮ್ಮ ಆ ಚೀಟಿ."

ಆಕೆ ಅನುಮಾನದಿಂದಲೇ ಕೊಟ್ಟಳು, ಒಂದು ತುದಿ ಬಿಡದೆ. ರೈಟರ್ ಕನ್ನಡಕ ಏರಿಸಿ ಓದಿದ. ನಿಧಾನದವನು. ಹಿಂಬದಿ ತಿರುಗಿಸಿ, ಕೆಳಗಿನ ಒಂದು ಖಾಲಿ ಚೌಕದ ಮೇಲೆ ಪೆನ್ಸಿಲ್ ಇಟ್ಟ.

"ಸಾರ್, 'ವಾಹನದ ಒಳಗೆ ತಪಾಸಣೆ ಮಾಡಿದ್ದರೆ ವಿವರ'. ಈ ಕಾಲಂ ಖಾಲಿ ಬಿಟ್ಟಿದೀರ. ಬರೆದ್ರೆ ಯಾಕೆ ತೆರೆದ್ರಿ ಅಂತ ಕೇಳ್ತಾರೆ, ಅದಕ್ಕೊಂದು ಉತ್ತರ ಹೇಳ್ಬಹುದು. ಅನುಮಾನ ಬಂತು ಅನ್ನಬಹುದು. ತೆರೆದೂ ಬರೀಲಿಲ್ಲ ಅಂದ್ರೆ ಏನುತ್ತರ ಇದೆ? ಈಗ ಇಡೀ ಊರಿಗೆ ಗೊತ್ತು ತೆರೆದಿದ್ದು. ಬೆಳಗಿನಿಂದ ನಾನೇ ಹದಿನಾಲ್ಕು ಸಲ ಕೇಳಿದೀನಿ."

ಇಸ್ತ್ರಿ ಬಾಗಿಲ ಕಡೆ ನೋಡಿದ. ಬೇಲಿ ಜಗಳದ ಅಣ್ಣತಮ್ಮಂದಿರು ಕೆಲಸ ಮುಗಿದಿದ್ದರೂ ಹೋಗದೆ ಚೌಕಟ್ಟಿಗೆ ಒರಗಿ ನಿಂತಿದ್ದರು.

ಪೆನ್ನು ತೆಗೆದ. ಬರೆದ. ಬರೆದು ತಳ್ಳಿದ.

ಆಕೆ ಅಕ್ಷರಕ್ಕೆ ಬೆರಳಿಟ್ಟು ಓದಿದಳು. "'ಪೆಟ್ಟಿಗೆಗಳನ್ನು ಪರಿಶೀಲಿಸಲಾಯಿತು.' ಯಾರು ಪರಿಶೀಲಿಸಿದ್ದು? ಗಾಳೀನಾ?"

ಅವನು ಹಲ್ಲು ಕಚ್ಚಿ 'ನಾನು' ಸೇರಿಸಿದ.

"ಪರಿಶೀಲಿಸೋದು ಅಂದ್ರೆ ಹೊರಗಿಂದ್ಲೂ ಆಗುತ್ತೆ. ತೆರೆದೆ ಅಂತ ಬರೀಪ್ಪ. ಬಿಸಿಲಲ್ಲಿ ಅಂತ. ಎಷ್ಟು ಹೊತ್ತು ಅನ್ನೋದೂ ಬಂದಿಲ್ಲ."

"ಹತ್ತು ನಿಮಿಷ ಇರ್ಬಹುದು."

"ಹನ್ನೆರಡು."

"ಹನ್ನೆರಡು ಸಾರ್," ಎಂದ ಬಾಗಿಲಲ್ಲಿದ್ದ ದೊಡ್ಡಣ್ಣ, ತಾನೇ ಅಲ್ಲಿದ್ದವನ ಹಾಗೆ.

ತೆರೆದೆ, ಬಿಸಿಲಲ್ಲಿ, ಹನ್ನೊಂದೂ ಇಪ್ಪತ್ತರಿಂದ ಹನ್ನೆರಡು ನಿಮಿಷ ಎಂದು ಬರೆದ. ಸಹಿ ಹಾಕಿದ. ರೈಟರ್ ಎದ್ದು ಬಂದು ಸೀಲು ಒತ್ತಿ, ಬಾಯಿಂದ ಊದಿ ಆರಿಸಿದ. ಗಡಿಯಾರದಲ್ಲಿ ನಾಲ್ಕೂ ಹತ್ತು.

ಆಗ ಆಕೆ ಸೊಂಟದ ಚೀಲ ಬಿಚ್ಚಿ ದಂಡದ ಹಣವನ್ನು ಮೇಜಿನ ಮೇಲಿಟ್ಟಳು. "ಗಾಜಿನ ತಪ್ಪು ನಂದು. ತಗೊಳ್ಳಿ."

ಇಸ್ತ್ರಿ ಹಣ ಎಣಿಸದೆ ಡ್ರಾಯರಿಗೆ ಹಾಕಿ ರಸೀದಿ ಹರಿದುಕೊಟ್ಟ. ತಲೆ ಎತ್ತಲಿಲ್ಲ. "ಆಯ್ತಲ್ಲ? ಇನ್ನೇನಾದ್ರೂ ಇದ್ಯಾ?" ಎಂದ. ಮಾತು ಒರಟಾಗಿಯೇ ಬಂತು. ತಪ್ಪಾಯ್ತು ಎಂಬ ಒಂದು ಮಾತು ಇನ್ನೂ ಬಾಕಿ ಇತ್ತು. ಆಕೆ ಅದಕ್ಕಾಗಿ ಎರಡು ಉಸಿರಿನಷ್ಟು ಹೊತ್ತು ನಿಂತಳು. ರೈಟರ್ ಕೂಡ ಪೆನ್ಸಿಲ್ ಎತ್ತಿ ಹಿಡಿದೇ ಇದ್ದ.

ಬರಲಿಲ್ಲ.

ಆಕೆ ಬೆಂಚಿಗೆ ಹೋಗಿ ಹಲಗೆ, ಚಾಕು ಚೀಲಕ್ಕೆ ಹಾಕಿಕೊಂಡಳು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವನ ಫೈಲಿನ ಮೇಲೆ ಇಟ್ಟಳು. ಉಳಿದ ಸೊಪ್ಪಿನ ಒದ್ದೆ ಗಂಟನ್ನೂ ಪಕ್ಕಕ್ಕಿಟ್ಟಳು.

"ಉಳಿದಿದ್ದನ್ನೆಲ್ಲ ನಾನೇ ಹೂತೆ. ಇಷ್ಟು ನಿಂದು."

"ಏಯ್, ಇದನ್ನ ನಾನೇನು ಮಾಡ್ಲಿ? ಅಕ್ಕ! ಏನು ಮಾಡೋದು ಇದನ್ನ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕು ಗಂಟೆಗೊಮ್ಮೆ ಸೊಪ್ಪು ಹಾಕಬೇಕು, ಮಲಗಿದವುಗಳ ಮೇಲೆ ಬೀಳದ ಹಾಗೆ ಬದಿಯಲ್ಲಿ ಉದುರಿಸಬೇಕು, ತಟ್ಟೆ ಓರೆ ಮಾಡಬಾರದು. ಇಪ್ಪತ್ತೆರಡು ವರ್ಷದಲ್ಲಿ ಕೇಳಿದವರಿಗೆಲ್ಲ ಹೇಳಿಕೊಟ್ಟವಳು ಆಕೆ. ಇವನಿಗೆ ಹೇಳಲಿಲ್ಲ. ಹಿಂದೆ ತಿರುಗದೆ ಮೆಟ್ಟಿಲಿಳಿದಳು.

ಕಾರಿನ ಸ್ಟಿಯರಿಂಗು ಬರಿಗೈಯಲ್ಲಿ ಮುಟ್ಟಲಾಗದಷ್ಟು ಕಾದಿತ್ತು. ಸೆರಗು ಸುತ್ತಿ ಹಿಡಿದಳು. ಐದೂವರೆಗೆ ಇನ್ನೂ ಒಂದು ಗಂಟೆಯ ಮೇಲೆ ಹೊತ್ತಿತ್ತು, ಕೇಂದ್ರ ಅರ್ಧ ಗಂಟೆಯ ದಾರಿ. ಗಾಡಿ ಹಿಂದಕ್ಕೆ ತೆಗೆಯುವಾಗ ಅಂಟಿನ ಗೆರೆಗಳ ನಡುವಿಂದ ಸ್ಟೇಷನ್ನಿನ ಬಾಗಿಲು ಕಂಡಿತು. ಇಸ್ತ್ರಿ ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಬಿಸಿಲಿಗೆ ಬರಲೂ ಅಂಜಿಕೆ, ಒಳಗೆ ಹೋಗಲೂ ಅಂಜಿಕೆ. ಏನೋ ಕೂಗಿ ಕೇಳುತ್ತಿದ್ದ.

ಆಕೆ ಗಾಜು ಏರಿಸಿಕೊಂಡು ಗಾಡಿ ಬಿಟ್ಟಳು.